ಹಿಂಸೆಯ ವಿಡಿಯೋ ಗೇಮ್: ಕಾನೂನು ಎಲ್ಲಿ ನಿಲ್ಲಬೇಕು?

(ಡೆಸ್ ಪ್ಲೇನ್ಸ್‌ನಲ್ಲಿ ನಡೆದ ನಮ್ಮ ವಾರ್ಷಿಕ ಸಮಾವೇಶದ ಚರ್ಚಾಗೋಷ್ಠಿಯಲ್ಲಿ ಆಡಿದ ಮಾತು)



ಇವತ್ತಿನ ಚರ್ಚೆಯ ವಿಷಯ ನಿಮಗೆಲ್ಲ ಗೊತ್ತು. ಹಿಂಸೆ ತುಂಬಿದ ವಿಡಿಯೋ ಗೇಮ್‌ಗಳನ್ನು ಮಕ್ಕಳಿಗೆ ಮಾರಬಾರದು ಅಂತ ಕಾನೂನು ಬೇಕೇ, ಬೇಡವೇ? ಪರವಾಗಿ ಮಾತಾಡಿದ ಅಣ್ಣನವರು ಚೆನ್ನಾಗಿ ಮಾತಾಡಿದರು. "ಸಿಗರೇಟಿಗೆ 21 ವರ್ಷ, ಬಿಯರಿಗೆ 21 ವರ್ಷ. ತಲೆ ಕತ್ತರಿಸೋ ಆಟಕ್ಕೆ ಮಾತ್ರ ಯಾವ ವಯಸ್ಸೂ ಬೇಡವೇ? ಸರ್ಕಾರ ನಿದ್ದೆ ಮಾಡ್ತಿದೆಯಾ?" ಅಂತ ಕೇಳಿದರು. ನಾನು ವಿರೋಧವಾಗಿ ಮಾತಾಡೋಕೆ ನಿಂತಿದ್ದೇನೆ. ಆದರೆ ಪೂರ್ತಿ ವಿರೋಧವಲ್ಲ. ಯಾವ ಕಾನೂನು ಬೇಡ, ಯಾವುದು ಬೇಕು ಅನ್ನೋದನ್ನು ಬಿಡಿಸಿ ಹೇಳ್ತೀನಿ.

ಮೊದಲನೆಯದಾಗಿ, ಸರ್ಕಾರ ನಿದ್ದೆ ಮಾಡಿರಲಿಲ್ಲ. ನಾವು ಕೂತಿರೋ ಇದೇ ಇಲಿನಾಯ್ ರಾಜ್ಯದಲ್ಲಿ ಅಂಥ ಕಾನೂನು ಬಂದಿತ್ತು. 2005ರ ಜುಲೈ 25ರಂದು ಆಗಿನ ಗವರ್ನರ್ ರಾಡ್ ಬ್ಲಾಗೊಯೆವಿಚ್ ಅದಕ್ಕೆ ಸಹಿ ಹಾಕಿದರು. 18 ವರ್ಷದೊಳಗಿನವರಿಗೆ ಹಿಂಸೆಯ ಗೇಮ್ ಮಾರಬಾರದು, ಬಾಡಿಗೆಗೂ ಕೊಡಬಾರದು ಅನ್ನೋದು ಅದರ ಸಾರ. 2006ರ ಜನವರಿ 1ರಿಂದ ಜಾರಿಯಾಗಬೇಕಿತ್ತು. ಒಂದು ದಿನವೂ ಜಾರಿಯಾಗಲಿಲ್ಲ. ಗೇಮ್ ಕಂಪನಿಗಳ ಸಂಘದವರು ಕೋರ್ಟಿಗೆ ಹೋದರು. ಶಿಕಾಗೋದ ಫೆಡರಲ್ ನ್ಯಾಯಾಧೀಶ ಮ್ಯಾಥ್ಯೂ ಕೆನೆಲಿ ಡಿಸೆಂಬರ್ 2ರಂದೇ ತಡೆ ಹಾಕಿದರು. ಮಾತಿನ ಸ್ವಾತಂತ್ರ್ಯಕ್ಕೆ ವಿರುದ್ಧ ಅಂದರು. ಸೋತ ರಾಜ್ಯ ಎದುರು ಕಕ್ಷಿಯ ವಕೀಲರಿಗೆ 5 ಲಕ್ಷ 10 ಸಾವಿರ ಡಾಲರ್‌ಗೂ ಹೆಚ್ಚು ಕೊಡಬೇಕಾಯಿತು. ಅದು ನಮ್ಮಂಥವರ ಸಂಬಳದಲ್ಲಿ ಹಿಡಿದುಕೊಳ್ಳೋ ತೆರಿಗೆ ಹಣ.

ಡೆಟ್ರಾಯಿಟ್‌ನವರು ನಗಬೇಡಿ, ನಿಮ್ಮ ಕಡೆಯೂ ಅದೇ ಕಥೆ! ಅದೇ ವರ್ಷ ಮಿಶಿಗನ್‌ನಲ್ಲಿ ಗವರ್ನರ್ ಜೆನಿಫರ್ ಗ್ರಾನ್‌ಹೋಮ್ ಸಹಿ ಹಾಕಿದ ಕಾನೂನಿಗೆ ನ್ಯಾಯಾಧೀಶ ಜಾರ್ಜ್ ಸ್ಟೀ ನವೆಂಬರ್‌ನಲ್ಲಿ ತಡೆ ಕೊಟ್ಟರು. ಮರುವರ್ಷ ಅದನ್ನು ಪೂರ್ತಿ ತೆಗೆದುಹಾಕಿದರು. ಕ್ಯಾಲಿಫೋರ್ನಿಯಾದಲ್ಲಿ ಸಹಿ ಹಾಕಿದವರು ಆರ್ನಾಲ್ಡ್ ಶ್ವಾರ್ಜ್‌ನೆಗರ್. ಸಿನಿಮಾದಲ್ಲಿ ಮೆಷಿನ್‌ಗನ್ ಹಿಡಿದು ಊರೂರೇ ಉಡಾಯಿಸಿದ ಮನುಷ್ಯ, ಗವರ್ನರ್ ಆದಮೇಲೆ ಗೇಮ್‌ನ ಹಿಂಸೆಗೆ ಕಾನೂನು ಮಾಡಿದರು. ಆ ಕೇಸು ಸುಪ್ರೀಂ ಕೋರ್ಟ್ ತನಕ ಹೋಯಿತು. 2011ರ ಜೂನ್ 27ರಂದು ಒಂಬತ್ತು ಜನರಲ್ಲಿ ಏಳು ಜನ ಆ ಕಾನೂನು ನಿಲ್ಲದು ಅಂದರು. ಇಡೀ ದೇಶಕ್ಕೆ ಅಲ್ಲಿಗೆ ಆ ದಾರಿ ಮುಚ್ಚಿತು. ಆದರೂ 2021ರಲ್ಲಿ, ಶಿಕಾಗೋದಲ್ಲಿ ಕಾರು ಕಿತ್ತುಕೊಂಡು ಹೋಗೋ ದರೋಡೆ ಹೆಚ್ಚಾದಾಗ, ಶಾಸಕ ಮಾರ್ಕಸ್ ಇವಾನ್ಸ್ ಇಂಥ ಗೇಮ್‌ಗಳ ಮಾರಾಟವನ್ನೇ ನಿಲ್ಲಿಸಬೇಕು ಅಂತ ಮತ್ತೊಂದು ಮಸೂದೆ ತಂದರು. ಅದು ಕಾನೂನಾಗಲಿಲ್ಲ.

ಇಷ್ಟು ಜನ ಇಷ್ಟು ಸಲ ಪ್ರಯತ್ನಪಟ್ಟರೂ ಯಾಕೆ ನಿಲ್ಲಲಿಲ್ಲ? ನಾನು ಐಟಿಐ ಓದಿದ ಎಲೆಕ್ಟ್ರಿಷಿಯನ್, ಲಾ ಓದಿದವನಲ್ಲ. ಆದರೆ ಕೋರ್ಟು ಕೇಳಿದ ಪ್ರಶ್ನೆಗಳು ನಮ್ಮ ಕೆಲಸದ ಪ್ರಶ್ನೆಗಳ ಥರಾನೇ ಇವೆ.

ಮಗು ಪ್ಲಗ್ಗಿನ ತೂತಿಗೆ ಹೇರ್‌ಪಿನ್ ತುರುಕಿದರೆ ಶಾಕ್ ಹೊಡೆಯುತ್ತೆ. ಅದಕ್ಕೇ 2008ರ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್‌ನಲ್ಲಿ, ಹೊಸ ಮನೆಗಳ ಪ್ಲಗ್ ಪಾಯಿಂಟ್‌ಗಳಿಗೆ ಒಳಗಡೆ ಮುಚ್ಚಳ ಇರಲೇಬೇಕು ಅಂತ ನಿಯಮ ತಂದರು. ಎರಡೂ ತೂತನ್ನು ಒಟ್ಟಿಗೆ ಒತ್ತಿದರೆ ಮಾತ್ರ ಮುಚ್ಚಳ ತೆರೆಯುತ್ತೆ. ಬಾತ್‌ರೂಮಿಗೆ ನಾವು ಹಾಕೋ ಜಿಎಫ್‌ಸಿಐ 4ರಿಂದ 6 ಮಿಲಿಆಂಪಿಯರ್ ಸೋರಿಕೆಗೆ ಟ್ರಿಪ್ ಆಗುತ್ತೆ. ಊರಲ್ಲಿ ಮನೆಗೆ ಹಾಕೋ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿಆಂಪಿಯರ್‌ದು. ಎಷ್ಟು ಕರೆಂಟು ಹರಿದರೆ ಮೈಗೆ ಏನಾಗುತ್ತೆ ಅನ್ನೋದನ್ನು ಅಳೆದಿದ್ದಾರೆ. ಅದಕ್ಕೇ ಈ ನಿಯಮದ ಮೇಲೆ ಯಾರೂ ಜಗಳ ಆಡಲ್ಲ. "ಅಪ್ಪ ಅಮ್ಮ ನೋಡ್ಕೊಳ್ಳಲಿ, ಮುಚ್ಚಳ ಯಾಕೆ" ಅಂತ ಯಾರೂ ಹೇಳಲ್ಲ.

ಗೇಮ್ ವಿಷಯದಲ್ಲಿ ಕೋರ್ಟು ಕೇಳಿದ್ದು ಇದನ್ನೇ: ಅಳತೆ ತೋರಿಸಿ. ಗೇಮ್ ಆಡಿದ ಮಕ್ಕಳಲ್ಲಿ ಸಿಟ್ಟು ಹೆಚ್ಚು ಅಂತ ಹೇಳೋ ಅಧ್ಯಯನಗಳನ್ನು ರಾಜ್ಯಗಳು ಮುಂದಿಟ್ಟವು. ಅವು ನಂಟು ತೋರಿಸುತ್ತವೆ, ಕಾರಣ ತೋರಿಸಲ್ಲ ಅಂದಿತು ಸುಪ್ರೀಂ ಕೋರ್ಟ್. ಕಂಡ ಪರಿಣಾಮವೂ ಸಣ್ಣದು, ಟಿವಿಯ ಕಾರ್ಟೂನ್ ನೋಡಿದರೂ ಅಷ್ಟೇ ಕಾಣುತ್ತೆ ಅಂದಿತು. ಹಾಗಾದರೆ ಕಾರ್ಟೂನ್ ಬಿಟ್ಟು ಗೇಮ್ ಮಾತ್ರ ಯಾಕೆ ಹಿಡಿದಿರಿ ಅನ್ನೋದು ಅವರ ಪ್ರಶ್ನೆ.

ಎರಡನೆಯದು, ಟ್ರಿಪ್ ಆಗೋ ಮಟ್ಟ ಯಾವುದು? ಮನುಷ್ಯ ಮನುಷ್ಯನನ್ನು ಕೊಲ್ಲೋ ಆಟ ಅಂತ ಇಲಿನಾಯ್ ಕಾನೂನು ಹೇಳಿತು. ಹಾಗಾದರೆ ಸತ್ತು ಎದ್ದು ಬರೋ ಜೋಂಬಿ ಮನುಷ್ಯನೋ ಅಲ್ಲವೋ? ಅದನ್ನು ಅಂಗಡಿಯಲ್ಲಿ ನಿಂತಿರೋ ಹತ್ತೊಂಬತ್ತರ ಹುಡುಗ ತೀರ್ಮಾನ ಮಾಡಬೇಕೇ? ನಮ್ಮ ಊರಿನ ಬಯಲಾಟದಲ್ಲಿ ಭೀಮ ದುಶ್ಶಾಸನನ ಎದೆ ಬಗೆದು ರಕ್ತ ಕುಡಿಯೋದನ್ನು ಅಜ್ಜಿಯ ಮಡಿಲಲ್ಲಿ ಕೂತು ನೋಡಿದವರು ನಾವು. ನರಸಿಂಹ ಹೊಸಿಲ ಮೇಲೆ ಹಿರಣ್ಯಕಶಿಪುವಿನ ಕರುಳು ಬಗೆದಾಗ ಕೈಮುಗಿದವರು. 2001ರಲ್ಲಿ ಇಂಡಿಯಾನಾಪೊಲಿಸ್ ನಗರದ ಇಂಥದ್ದೇ ನಿಯಮಕ್ಕೆ ತಡೆ ಹಾಕಿದ ಶಿಕಾಗೋದ ನ್ಯಾಯಾಧೀಶ ರಿಚರ್ಡ್ ಪೋಸ್ನರ್ ಇದೇ ಥರದ ಮಾತು ಹೇಳಿದ್ದರು. ಹಳೇ ಮಹಾಕಾವ್ಯಗಳಲ್ಲೂ ಹಿಂಸೆ ಇದೆ, ಹದಿನೆಂಟು ತುಂಬೋ ತನಕ ಏನನ್ನೂ ತೋರಿಸದೆ ಬೆಳೆಸಿದ ಮಕ್ಕಳು ಲೋಕವನ್ನು ಎದುರಿಸಲಾರರು ಅನ್ನೋ ಅರ್ಥದಲ್ಲಿ.

ಅಳತೆ ಇಲ್ಲದ ಕಡೆ ಅಳೆಯೋಕೆ ಒಬ್ಬ ಅಧಿಕಾರಿ ಬರ್ತಾನೆ. ಶಿಕಾಗೋ ನಗರ ಅದನ್ನೂ ಮಾಡಿ ನೋಡಿದೆ. 1907ರಲ್ಲಿ ಸಿನಿಮಾ ತೋರಿಸಬೇಕಾದರೆ ಪೊಲೀಸ್ ಮುಖ್ಯಸ್ಥನ ಅನುಮತಿ ಬೇಕು ಅಂತ ಇಲ್ಲಿ ನಿಯಮ ಬಂತು. ಈ ದೇಶದಲ್ಲಿ ಸಿನಿಮಾ ಸೆನ್ಸಾರ್ ಶುರುವಾದದ್ದೇ ಇಲ್ಲಿಂದ. ನಮ್ಮ ಮಕ್ಕಳು ಏನು ನೋಡಬೇಕು ಅಂತ ಪೊಲೀಸ್ ಸ್ಟೇಷನ್ನಲ್ಲಿ ತೀರ್ಮಾನ ಆಗೋದು, ಪರದೇಶದಲ್ಲಿರೋ ನಮಗಂತೂ ಬೇಡ.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ಗಟ್ಟಿಯಾದ ಮಾತನ್ನೂ ಹೇಳಬೇಕು. ಸುಪ್ರೀಂ ಕೋರ್ಟಿನಲ್ಲಿ ಒಪ್ಪದೇ ಇದ್ದ ಇಬ್ಬರಲ್ಲಿ ಒಬ್ಬರು ಸ್ಟೀಫನ್ ಬ್ರೇಯರ್. ಹದಿಮೂರರ ಹುಡುಗನಿಗೆ ಬೆತ್ತಲೆ ಚಿತ್ರದ ಪತ್ರಿಕೆ ಮಾರಬಾರದು ಅನ್ನೋ ಕಾನೂನನ್ನು 1968ರಲ್ಲೇ ಒಪ್ಪಿದ್ದೀರಿ. ಅದೇ ಹುಡುಗ ಪರದೆಯ ಮೇಲೆ ಹೆಂಗಸನ್ನು ಕಟ್ಟಿಹಾಕಿ, ಹಿಂಸೆ ಕೊಟ್ಟು, ಕೊಲ್ಲೋ ಗೇಮ್ ಕೊಂಡರೆ ತಡೆಯೋ ಹಾಗಿಲ್ಲ. ಇದು ಯಾವ ನ್ಯಾಯ ಅಂತ ಅವರು ಕೇಳಿದರು. ಅಕ್ಕಂದಿರು ಯಾರಾದರೂ ಇದೇ ಪ್ರಶ್ನೆ ನನಗೆ ಕೇಳಿದರೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಆದರೆ ಒಂದು ವಿಷಯ ನೋಡಿ. ಕಾನೂನು ಇಲ್ಲದೆಯೂ ಅಂಗಡಿಯವರು ಬದಲಾದರು. 1994ರಿಂದ ಗೇಮ್ ಡಬ್ಬದ ಮೇಲೆ ವಯಸ್ಸಿನ ಗುರುತು ಇದೆ. "ಎಂ" ಅಂದರೆ 17 ದಾಟಿದವರಿಗೆ. ಫೆಡರಲ್ ಟ್ರೇಡ್ ಕಮಿಷನ್‌ನವರು ಮಕ್ಕಳನ್ನೇ ಗುಟ್ಟಾಗಿ ಅಂಗಡಿಗೆ ಕಳಿಸಿ ಪರೀಕ್ಷೆ ಮಾಡ್ತಿದ್ದರು. 2000ದಲ್ಲಿ ನೂರಕ್ಕೆ 85 ಮಕ್ಕಳಿಗೆ "ಎಂ" ಗೇಮ್ ಸಿಕ್ಕಿತು. 2011ರಲ್ಲಿ ಸಿಕ್ಕಿದ್ದು 13 ಮಕ್ಕಳಿಗೆ ಮಾತ್ರ.

ಅಂಗಡಿ ಸರಿಹೋಯಿತು, ಸರಿ. ಆದರೆ ಈಗ ಅಂಗಡಿಗೆ ಹೋಗೋರು ಯಾರು? ಗೇಮ್ ಈಗ ಫೋನಿಗೇ ಇಳಿಯುತ್ತೆ, ಎಷ್ಟೋ ಗೇಮ್‌ಗಳು ಪುಕ್ಕಟೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಇವತ್ತು ಕೌಂಟರಿನಲ್ಲಿ ಕಾನೂನು ನಿಲ್ಲಿಸಿದರೆ ಏನು ಬಂತು? ಪುಕ್ಕಟೆ ಗೇಮ್ ಕೊಟ್ಟವನು ದುಡ್ಡು ಮಾಡೋದು ಒಳಗಡೆ. ಬಟ್ಟೆ, ಬಂದೂಕು, ಏನಿದೆ ಅಂತ ಗೊತ್ತಿಲ್ಲದೆ ಕೊಳ್ಳೋ ಪೆಟ್ಟಿಗೆ. ಜಾತ್ರೆಯಲ್ಲಿ ಚೀಟಿ ಎತ್ತೋ ಆಟದ ಹಾಗೆ: ಒಳ್ಳೇದು ಬಂದರೂ ಬರಬಹುದು, ಬರದೆಯೂ ಇರಬಹುದು, ದುಡ್ಡು ಮಾತ್ರ ಹೋಯಿತು.

ನಮ್ಮ ಡೆಸ್ ಪ್ಲೇನ್ಸ್‌ನಲ್ಲೇ ರಿವರ್ಸ್ ಕ್ಯಾಸಿನೋ ಇದೆ. ಅದು ತೆರೆದದ್ದು 2011ರ ಜುಲೈನಲ್ಲಿ, ಸುಪ್ರೀಂ ಕೋರ್ಟ್ ತೀರ್ಪು ಬಂದ ಮೂರೇ ವಾರಕ್ಕೆ. ಅಲ್ಲಿ 21 ತುಂಬದವರನ್ನು ಜೂಜಿಗೆ ಬಿಡಲ್ಲ. ಅದೇ ಗುಣದ ಪೆಟ್ಟಿಗೆ ಒಂಬತ್ತು ವರ್ಷದ ಮಗುವಿನ ಕೈಯಲ್ಲಿ, ಅಪ್ಪನ ಕಾರ್ಡಿಗೆ ಅಂಟಿಕೊಂಡು ಕೂತಿದೆ. ಕಾನೂನು ನಿಲ್ಲಬೇಕಾದದ್ದು ಇಲ್ಲಿ, ಗಲ್ಲಾಪೆಟ್ಟಿಗೆಯ ಹತ್ತಿರ. ಇಲ್ಲಿ ಅಳತೆ ಇದೆ: ಎಷ್ಟು ಡಾಲರ್, ಯಾರ ವಯಸ್ಸು, ಯಾರು ಒಪ್ಪಿಗೆ ಕೊಟ್ಟರು.

ಇದು ಬರೀ ನನ್ನ ಆಸೆಯಲ್ಲ, ಆಗ್ತಾ ಇದೆ. 2022ರ ಡಿಸೆಂಬರ್‌ನಲ್ಲಿ ಫೋರ್ಟ್‌ನೈಟ್ ಮಾಡೋ ಎಪಿಕ್ ಗೇಮ್ಸ್ ಕಂಪನಿ ಫೆಡರಲ್ ಟ್ರೇಡ್ ಕಮಿಷನ್ ಜೊತೆಗಿನ ಒಪ್ಪಂದದಲ್ಲಿ 52 ಕೋಟಿ ಡಾಲರ್ ಕೊಡೋಕೆ ಒಪ್ಪಿತು. 13ರೊಳಗಿನ ಮಕ್ಕಳ ಮಾಹಿತಿಯನ್ನು ಹೆತ್ತವರ ಒಪ್ಪಿಗೆ ಇಲ್ಲದೆ ತೆಗೆದುಕೊಂಡ ಆರೋಪಕ್ಕೆ 27.5 ಕೋಟಿ ದಂಡ. ಗುಂಡಿ ಒತ್ತಿಸಿ ಬೇಡದ ಖರೀದಿ ಮಾಡಿಸಿದ ಆರೋಪಕ್ಕೆ 24.5 ಕೋಟಿ, ದುಡ್ಡು ಕಳೆದುಕೊಂಡವರಿಗೆ ವಾಪಸ್. 2025ರ ಜನವರಿಯಲ್ಲಿ ಗೆನ್‌ಶಿನ್ ಇಂಪ್ಯಾಕ್ಟ್ ಗೇಮ್‌ನ ಕಂಪನಿ 2 ಕೋಟಿ ಡಾಲರ್ ಕೊಡೋಕೆ ಒಪ್ಪಿತು. 16ರೊಳಗಿನವರಿಗೆ ಹೆತ್ತವರ ಒಪ್ಪಿಗೆ ಇಲ್ಲದೆ ಆ ಪೆಟ್ಟಿಗೆ ಮಾರಬಾರದು ಅಂತಲೂ ಕಟ್ಟುಪಾಡಾಯಿತು. ನೋಡಿ, ಕಥೆಯಲ್ಲಿ ರಕ್ತ ಎಷ್ಟಿದೆ ಅಂತ ಅಳೆಯಲು ಹೋದ ರಾಜ್ಯಗಳು ಸೋತು ವಕೀಲರ ಫೀಸು ಕಟ್ಟಿದವು. ದುಡ್ಡು, ವಯಸ್ಸು, ಒಪ್ಪಿಗೆ ಹಿಡಿದವರು ಕಂಪನಿಗಳ ಕೈಯಲ್ಲೇ ದುಡ್ಡು ಕಕ್ಕಿಸಿದರು.

ಊರಿನ ಮಾತನ್ನೂ ಎರಡು ಸಾಲು ಹೇಳ್ತೀನಿ, ಯಾಕಂದರೆ ನಮ್ಮಲ್ಲಿ ಅನೇಕರ ಮಕ್ಕಳು ಅಲ್ಲೇ ಇದ್ದಾರೆ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್ಜಿ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಮಕ್ಕಳ ಕಾಳಜಿಗಲ್ಲ, ದೇಶದ ಭದ್ರತೆಯ ಕಾರಣಕ್ಕೆ. ಮರುವರ್ಷ ಜುಲೈನಲ್ಲಿ ಅದೇ ಆಟ ಬೇರೆ ಹೆಸರಲ್ಲಿ ಬಂತು. 2021ರಲ್ಲಿ ಕರ್ನಾಟಕ ಸರ್ಕಾರ ದುಡ್ಡಿಟ್ಟು ಆಡೋ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಅದೃಷ್ಟದ ಆಟ, ಜಾಣ್ಮೆಯ ಆಟ ಎರಡನ್ನೂ ಒಂದೇ ಬಲೆಗೆ ಹಾಕಿದ್ದರಿಂದ ಹೈಕೋರ್ಟ್ 2022ರ ಫೆಬ್ರವರಿ 14ರಂದು ಅದನ್ನು ರದ್ದು ಮಾಡಿತು. ಬಲೆ ತೀರಾ ದೊಡ್ಡದಾದರೆ ಅಲ್ಲೂ ಹರಿಯುತ್ತೆ.

ಕೊನೆಗೆ ನಮ್ಮ ಕೈಲಿರೋದು. ನಾವು ಎರಡು ಶಿಫ್ಟ್ ಮಾಡೋ ಜನ. ಅಪ್ಪ ರಾತ್ರಿ ಪಾಳಿಗೆ, ಅಮ್ಮ ಬೆಳಗಿನ ಪಾಳಿಗೆ, ನಡುವೆ ಮಗು ಮತ್ತು ಫೋನು. ಇಪ್ಪತ್ನಾಲ್ಕು ಗಂಟೆ ಕಾವಲು ಕಾಯೋಕೆ ಆಗಲ್ಲ. ಬೇಕಾಗಿಯೂ ಇಲ್ಲ. ಮೂರು ಕೆಲಸ ಮಾಡಿ, ಅರ್ಧ ಗಂಟೆಯ ಕೆಲಸ.

ಒಂದು, ಮಗುವಿನ ಅಕೌಂಟಿನಲ್ಲಿ ನಿಜವಾದ ಹುಟ್ಟಿದ ದಿನಾಂಕ ಹಾಕಿ. ಬೇಗ ಆಗಲಿ ಅಂತ ಮಕ್ಕಳು 1990 ಅಂತ ಒತ್ತಿಬಿಡ್ತಾರೆ. 13ರೊಳಗಿನವರಿಗೆ ಕಾನೂನು ಕೊಟ್ಟ ರಕ್ಷಣೆ ಆ ಒಂದು ಸುಳ್ಳಿನಿಂದ ಕೈತಪ್ಪುತ್ತೆ. ಎರಡು, ಕಾರ್ಡ್ ನಂಬರ್ ಫೋನಿನಲ್ಲಾಗಲಿ ಗೇಮ್ ಮೆಷಿನ್ನಿನಲ್ಲಾಗಲಿ ಉಳಿಸಬೇಡಿ, ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳೋ ಹಾಗೆ ಇಡಿ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ನಿಂಟೆಂಡೊ ಎಲ್ಲದರಲ್ಲೂ ವಯಸ್ಸಿನ ಗುರುತು ನೋಡಿ ತಡೆಯೋ ವ್ಯವಸ್ಥೆ ಇದೆ. ಮೂರು, ಊರಿಗೆ ಫೋನ್ ಕಳಿಸುವಾಗ ಅದನ್ನೂ ಹೀಗೆ ಸೆಟ್ ಮಾಡಿ ಕಳಿಸಿ.  ಅಜ್ಜಿಗೆ ಆ ಹೊರೆ ಹೊರಿಸಬೇಡಿ. ಮತ್ತೆ ವಾರಕ್ಕೊಮ್ಮೆ ವಿಡಿಯೋ ಕಾಲ್‌ನಲ್ಲಿ "ಮಾರ್ಕ್ಸ್ ಎಷ್ಟು" ಅಂತ ಕೇಳೋ ಮೊದಲು "ಯಾವ ಆಟ ಆಡ್ತಿದ್ದೀಯಪ್ಪಾ, ನನಗೂ ತೋರಿಸು" ಅಂತ ಕೇಳಿ. ತೋರಿಸೋಕೆ ಹಿಂಜರಿದರೆ ಆ ಗೇಮ್ ಬಗ್ಗೆ ನಿಮಗೆ ತಿಳಿಯಬೇಕಾದದ್ದು ತಿಳಿದ ಹಾಗೆ.

ಹೀಗಾಗಿ ಇವತ್ತಿನ ನಿರ್ಣಯಕ್ಕೆ ನನ್ನ ಮತ ವಿರುದ್ಧ. ಆದರೆ ಒಂದು ತಿದ್ದುಪಡಿ ಸೂಚಿಸ್ತೀನಿ: "ಹಿಂಸೆಯ ಗೇಮ್ ಮಾರಬಾರದು" ಅನ್ನೋ ಬದಲು "ಹೆತ್ತವರ ಒಪ್ಪಿಗೆ ಇಲ್ಲದೆ ಮಕ್ಕಳಿಗೆ ಗೇಮ್‌ನೊಳಗೆ ಏನನ್ನೂ ಮಾರಬಾರದು" ಅಂತ ಬರೆಯೋಣ. ಪರವಾಗಿ ಮಾತಾಡಿದ ಅಣ್ಣನವರೂ ಇದಕ್ಕೆ ಕೈ ಎತ್ತುತ್ತಾರೆ ಅಂತ ನನ್ನ ನಂಬಿಕೆ.