ಬಿಳಿಯ ಮೋಡ, ಕರಿಯ ಆಕಾಶ

ಬೆಟ್ಟ ಹತ್ತಿ ನಿಂತಿದ್ದೀರಿ. ನೀಲಿ ಬಾನಿನಲ್ಲಿ ಹಿಂಜಿದ ಅರಳೆಯಂತೆ ಮೋಡಗಳು. ಮನಸೋತು, ಕಪ್ಪು-ಬಿಳುಪು ಫಿಲಂ ಹಾಕಿದ ಕ್ಯಾಮೆರಾದಲ್ಲಿ ಚಿತ್ರ ತೆಗೆಯುತ್ತೀರಿ. ಊರಿಗೆ ಬಂದು ಪ್ರಿಂಟು ಹಾಕಿಸಿ ನೋಡಿದರೆ ಮೋಡವೆಲ್ಲಿ? ಆಕಾಶವೆಲ್ಲ ಸುಣ್ಣ ಬಳಿದ ಗೋಡೆ! ಕ್ಯಾಮೆರಾ ಕೆಟ್ಟಿದೆಯೆಂದು ಅಂಗಡಿಯವರೊಡನೆ ಜಗಳಕ್ಕೆ ಹೋಗಬೇಡಿ. ಹಾಗೆ ಹೋಗಿ ಪೆಚ್ಚಾಗಿ ಬಂದವನು ನಾನು.

ನಮ್ಮ ಕಣ್ಣಿಗೆ ನೀಲಿ ಬೇರೆ, ಬಿಳುಪು ಬೇರೆ. ಫಿಲಮ್ಮು ಬಲ್ಲದ್ದು ಬೆಳಕು ಹೆಚ್ಚೋ ಕಡಮೆಯೋ ಎಂಬುದನ್ನಷ್ಟೆ. ಅದರಲ್ಲಿಯೂ ನೀಲಿ ಬೆಳಕಿನ ಮೇಲೆ ಅದಕ್ಕೆ ಮಮತೆ ಹೆಚ್ಚು. ಮೊದಲ ಕಾಲದ ಪ್ಲೇಟುಗಳು ನೀಲಿಯನ್ನು ಬಿಟ್ಟು ಬೇರೆ ಬಣ್ಣವನ್ನು ಕಂಡದ್ದೇ ಕಡಮೆ. ಆಮೇಲೆ ಬಂದ ಆರ್ಥೊಕ್ರೊಮ್ಯಾಟಿಕ್ ಜಾತಿಯವು ಹಸಿರನ್ನೂ ಕಂಡವು. ಕೆಂಪನ್ನೂ ಕಾಣುವುವು ಪ್ಯಾಂಕ್ರೊಮ್ಯಾಟಿಕ್. ಇಂದು ಸಿಕ್ಕುವ ಕಪ್ಪು-ಬಿಳುಪು ಫಿಲಮ್ಮುಗಳಲ್ಲಿ ಹೆಚ್ಚಿನವು ಇವೇ. ಆದರೂ ಹಳೆಯ ಮಮತೆ ಪೂರ್ತಿ ಹೋಗಿಲ್ಲ.

ಇದಕ್ಕೆ ಮದ್ದೆಂದರೆ ಮಸೂರದ ಮುಂದೊಂದು ಬಣ್ಣದ ಗಾಜು, ಅಂದರೆ ಫಿಲ್ಟರು. ಅದು ತನ್ನ ಬಣ್ಣದ ಬೆಳಕನ್ನು ಒಳಕ್ಕೆ ಬಿಟ್ಟು ಎದುರು ಬಣ್ಣವನ್ನು ತಡೆಯುತ್ತದೆ. ಹಳದಿ ಗಾಜು ಹಾಕಿದರೆ ಆಕಾಶ ತುಸು ಕಂದಿ ಮೋಡ ಎದ್ದು ತೋರುತ್ತದೆ. ಕಿತ್ತಳೆ ಬಣ್ಣದ್ದರಲ್ಲಿ ಇನ್ನೂ ಗಾಢ. ಕೆಂಪು ಗಾಜಿಗಂತೂ ನಡುಹಗಲ ಬಾನೂ ಇರುಳಿನಂತೆ ಕಪ್ಪು.

1927ರ ಏಪ್ರಿಲ್‌ನಲ್ಲಿ ಅಮೆರಿಕದ ಯೊಸೆಮಿಟಿಯಲ್ಲಿ ನಡೆದ ಸಂಗತಿಯೊಂದನ್ನು ಹೇಳಬೇಕು. ಆನ್ಸೆಲ್ ಆಡಮ್ಸ್ ಎಂಬ ಇಪ್ಪತ್ತೈದರ ತರುಣ, ಭಾರವಾದ ಕ್ಯಾಮೆರಾವನ್ನೂ ಗಾಜಿನ ಪ್ಲೇಟುಗಳನ್ನೂ ಹೊತ್ತು, ಹಿಮ ತುಳಿದು, ಹಾಫ್ ಡೋಮ್ ಎಂಬ ಮಹಾಬಂಡೆಯ ಎದುರಿಗೆ ಬಂದು ನಿಂತ. ಅಷ್ಟು ಹೊತ್ತಿಗೆ ಉಳಿದಿದ್ದುವು ಎರಡೇ ಪ್ಲೇಟು. ವಾಡಿಕೆಯಂತೆ ಹಳದಿ ಗಾಜು ಹಾಕಿ ಒಂದನ್ನು ಮುಗಿಸಿದ. ಮುಗಿಸಿದೊಡನೆ ಅಳುಕು ಹುಟ್ಟಿತು. ಬಂಡೆ ಬಂದೀತು, ಆಕಾಶವೂ ಹದವಾಗಿ ಬಂದೀತು. ಆದರೆ ಅದನ್ನು ನೋಡಿದಾಗ ತನ್ನ ಎದೆ ನಡುಗಿದ್ದು ಬರುವುದೆ? ಕೊನೆಯ ಪ್ಲೇಟಿಗೆ ಕಡುಗೆಂಪು ಗಾಜು ಹಾಕಿದ. ಆ ಗಾಜು ಬೆಳಕನ್ನು ಬಹಳ ನುಂಗುವುದರಿಂದ ಹದಿನಾರು ಪಾಲು ಹೆಚ್ಚು ಹೊತ್ತು, ಒಟ್ಟು ಐದು ಸೆಕೆಂಡು, ಬೆಳಕು ಕೊಟ್ಟ. ಲೆಕ್ಕ ತಪ್ಪಿದ್ದರೆ ಮತ್ತೊಂದು ಪ್ಲೇಟಿರಲಿಲ್ಲ. ಕರಿಯ ಬಾನು, ಹೊಳೆಯುವ ಹಿಮ, ನಡುವೆ ಆ ಬಂಡೆ! ‘ಮಾನೊಲಿತ್’ ಎಂದು ಲೋಕ ಬಲ್ಲ ಚಿತ್ರ ಅದೇ.

ಆದರೆ ಎಲ್ಲಕ್ಕೂ ಕೆಂಪು ಹಾಕಬೇಡಿ. ನೆರಳಿಗೆ ಬೆಳಕು ಬರುವುದು ನೀಲಿ ಬಾನಿನಿಂದಲೇ. ಕೆಂಪು ಗಾಜು ಅದನ್ನೂ ತಡೆದು ನೆರಳನ್ನು ಮಸಿಯಾಗಿಸುತ್ತದೆ. ಗಿಡಮರಗಳೂ ಕಪ್ಪಿಡುತ್ತವೆ. ತೋಟ, ಗದ್ದೆ ಎಂದರೆ ಹಸಿರು ಗಾಜೇ ಲೇಸು. ಗುಲ್‌ಮೊಹರಿನ ಮರವನ್ನೇ ನೋಡಿ: ಬರಿಯ ಫಿಲಮ್ಮಿನಲ್ಲಿ ಕೆಂಪು ಹೂವೂ ಹಸಿರೆಲೆಯೂ ಒಂದೇ ಬೂದಿ ಬಣ್ಣಕ್ಕೆ ತಿರುಗಿ ಕಲಸಿಹೋಗಬಹುದು. ಹಸಿರು ಗಾಜಿನಲ್ಲಿ ಎಲೆ ತಿಳಿಯಾಗಿ ಹೂವು ಕಪ್ಪಾಗುತ್ತದೆ. ಕೆಂಪಿನಲ್ಲಿ ಹೂವು ಬೆಳ್ಳಗೆ. ಯಾವುದು ಬೇಕೋ ನೀವೇ ಹೇಳಬೇಕು. ದೂರದ ಬೆಟ್ಟವನ್ನು ಮಸುಕಾಗಿಸುವ ನೀಲಿಯ ಮಬ್ಬನ್ನು ಕೆಂಪು, ಕಿತ್ತಳೆ ಗಾಜುಗಳು ಸೀಳುತ್ತವೆ. ಬೆಳಗಿನ ಬಿಳಿಯ ಮಂಜಿನ ಮುಂದೆ ಅವುಗಳ ಆಟ ನಡೆಯದು. ಮೋಡ ಕವಿದ ಬೂದಿ ಬಾನಿನಲ್ಲಂತೂ ತಡೆಯುವುದಕ್ಕೆ ನೀಲಿಯೇ ಇಲ್ಲ.

ಬೆಳಕಿನ ಲೆಕ್ಕ ಮರೆಯಬೇಡಿ. ಸಾಮಾನ್ಯವಾದ ಹಳದಿಗೆ ಎರಡರಷ್ಟು, ಕೆಂಪಿಗೆ ಎಂಟರಷ್ಟು. ಕೆಂಪಿಗೆ ಮುಕ್ಕಾಲಿಯೂ ಬೇಕಾದೀತು. ಕೈ ನಡುಗಿದರೆ ಬೆಟ್ಟವೂ ನಡುಗುತ್ತದೆ.

ಇನ್ನೊಂದು: ಕೊಳ್ಳುವಾಗ ಡಬ್ಬಿಯ ಮೇಲಿನ ಹೆಸರು ಓದಿ. ಆರ್ಥೊಕ್ರೊಮ್ಯಾಟಿಕ್ ಫಿಲಮ್ಮನ್ನು ಕತ್ತಲ ಕೋಣೆಯಲ್ಲಿ ಕೆಂಪು ದೀಪದ ಕೆಳಗೇ ತೊಳೆಯಬಹುದು, ಏಕೆಂದರೆ ಅದಕ್ಕೆ ಕೆಂಪು ಕಾಣದು. ಅಂಥದ್ದನ್ನು ಹಾಕಿ, ಮುಂದೆ ಕೆಂಪು ಗಾಜು ತಿರುಪಿ, ಬೆಟ್ಟವೆಲ್ಲ ಅಲೆದು ನಾನೊಮ್ಮೆ ಒಂದು ಇಡೀ ರೋಲು ಮುಗಿಸಿದ್ದೆ. ತೊಳೆದು ಬೆಳಕಿಗೆ ಹಿಡಿದರೆ, ಈ ತುದಿಯಿಂದ ಆ ತುದಿಗೆ ಅದು ಕಿಟಕಿಯ ಗಾಜಿನಷ್ಟು ಸ್ವಚ್ಛವಾಗಿತ್ತು.