ಮಕ್ಕಳ ಸಾಫ್ಟ್‌ಬಾಲ್: ವಿಚಿತ್ರ ಅಭ್ಯಾಸಗಳು, ಸರಳ ಪಾಠಗಳು

(ದೈಹಿಕ ಶಿಕ್ಷಕರು ಮತ್ತು ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಹೆಣ್ಣುಮಕ್ಕಳ ಸಾಫ್ಟ್‌ಬಾಲ್ ತರಬೇತಿಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕೇಳಿದ್ದೀರಿ. ನಮ್ಮ ಶಾಲಾ ಕ್ರೀಡಾಕೂಟಗಳಲ್ಲಿ ಈ ಆಟ ಇದೆ. ಆದರೂ ನಮ್ಮಲ್ಲಿ ಅನೇಕರಿಗೆ ಇದರ ಪರಿಚಯ ಕಡಿಮೆ. ಆದ್ದರಿಂದ ಈ ಆಟ ಹುಟ್ಟಿದ ಅಮೆರಿಕದಲ್ಲಿ ಮಕ್ಕಳಿಗೆ ಇದನ್ನು ಹೇಗೆ ಕಲಿಸುತ್ತಾರೆ, ನೋಡಿದರೆ ನಗು ಬರಿಸುವ ಕೆಲವು ಅಭ್ಯಾಸಗಳು ಏಕೆ ಫಲ ಕೊಡುತ್ತವೆ ಎಂಬುದನ್ನು ಹೇಳುತ್ತೇನೆ.

1887ರಲ್ಲಿ ಶಿಕಾಗೋ ನಗರದ ಒಂದು ದೋಣಿ ಕ್ಲಬ್ಬಿನ ಒಳಾಂಗಣದಲ್ಲಿ ಈ ಆಟ ಹುಟ್ಟಿತು. ಹಳೆಯ ಬಾಕ್ಸಿಂಗ್ ಗ್ಲೌಸನ್ನು ಸುತ್ತಿ ಕಟ್ಟಿದರೆ ಚೆಂಡು, ಒಂದು ಕೋಲೇ ಬ್ಯಾಟು. ಸಾಮಗ್ರಿ ದುಬಾರಿ ಎಂದು ಕೈಚೆಲ್ಲುವ ನಾವು ಈ ಮೂಲವನ್ನು ಮರೆಯಬಾರದು. ಒಂದು ತಂಡದಲ್ಲಿ 9 ಜನ, ಪಂದ್ಯಕ್ಕೆ 7 ಇನ್ನಿಂಗ್ಸ್. ಚೆಂಡನ್ನು ಕೈ ಕೆಳಗಿನಿಂದ ಎಸೆಯುತ್ತಾರೆ. ದೊಡ್ಡವರಲ್ಲಿ ಪಿಚರ್ ನಿಲ್ಲುವ ದೂರ 43 ಅಡಿ. ಗಂಟೆಗೆ 60 ಮೈಲಿ ವೇಗದ ಚೆಂಡು ಸೆಕೆಂಡಿಗೆ 88 ಅಡಿ ಸಾಗುತ್ತದೆ. ಅಂದರೆ ಬ್ಯಾಟ್ ಹಿಡಿದ ಹುಡುಗಿಗೆ ಅರ್ಧ ಸೆಕೆಂಡೂ ಸಿಗುವುದಿಲ್ಲ. ಅಷ್ಟರಲ್ಲಿ ಯೋಚಿಸಲು ಸಮಯವಿಲ್ಲ. ಕಣ್ಣು, ಕೈ ತಾವಾಗಿಯೇ ಕೆಲಸ ಮಾಡಬೇಕು. ಅದು ಉಪದೇಶದಿಂದ ಬರುವುದಿಲ್ಲ, ಸರದಿಗಳಿಂದ ಬರುತ್ತದೆ.

ಈಗ ಒಂದು ಸಣ್ಣ ಲೆಕ್ಕ ನೋಡಿ. 12 ಹುಡುಗಿಯರಲ್ಲಿ ಒಬ್ಬಳು ಬ್ಯಾಟ್ ಮಾಡಿ 11 ಮಂದಿ ಮೈದಾನದಲ್ಲಿ ನಿಂತರೆ, ಒಂದು ಗಂಟೆಯಲ್ಲಿ ಒಬ್ಬೊಬ್ಬರಿಗೆ ಸಿಗುವುದು 5 ನಿಮಿಷ. ಮೂವರಂತೆ ನಾಲ್ಕು ಗುಂಪು ಮಾಡಿ, ಒಬ್ಬಳು ಎಸೆಯಲು, ಒಬ್ಬಳು ಹೊಡೆಯಲು, ಒಬ್ಬಳು ಹೆಕ್ಕಲು ಎಂದು ಹಂಚಿದರೆ ಅದೇ ಗಂಟೆಯಲ್ಲಿ 20 ನಿಮಿಷ. ಮೈದಾನ ಹಿಗ್ಗಲಿಲ್ಲ, ಸಮಯ ಹೆಚ್ಚಲಿಲ್ಲ, ಅಭ್ಯಾಸ ಮಾತ್ರ ನಾಲ್ಕು ಪಟ್ಟಾಯಿತು.

ಈ ಗುಂಪುಗಳಲ್ಲಿ ಮಾಡಿಸುವ ಅಭ್ಯಾಸಗಳೇ ವಿಚಿತ್ರವಾದವು. ತೂತುಗಳಿರುವ ಸಣ್ಣ ಪ್ಲಾಸ್ಟಿಕ್ ಚೆಂಡನ್ನು ಪೊರಕೆ ಕೋಲಿನಿಂದ ಹೊಡೆಸುತ್ತಾರೆ. ತೆಳ್ಳಗಿನ ಕೋಲಿಗೆ ಸಣ್ಣ ಚೆಂಡು ತಾಗಿಸಿದ ಕಣ್ಣಿಗೆ ಪಂದ್ಯದ ಚೆಂಡು ದೊಡ್ಡದಾಗಿ ಕಾಣುತ್ತದೆ. ಚೆಂಡುಗಳ ಮೇಲೆ ಕೆಂಪು, ನೀಲಿ ಚುಕ್ಕೆ ಹಾಕಿ ಎಸೆಯುತ್ತಾರೆ. ಹುಡುಗಿ ಹೊಡೆಯಬೇಕಾಗಿಲ್ಲ, ಬಣ್ಣ ಕೂಗಿದರೆ ಸಾಕು. ಚೆಂಡನ್ನು ಕೊನೆಯವರೆಗೂ ನೋಡು ಎಂದು ನೂರು ಸಲ ಹೇಳುವುದರ ಬದಲು, ನೋಡದೆ ಉತ್ತರಿಸಲಾಗದ ಪ್ರಶ್ನೆಯನ್ನೇ ಕೇಳಿದಂತಾಯಿತು.

ಗ್ಲೌಸ್ ತೆಗೆದು ಬರಿಗೈಯಲ್ಲಿ ಟೆನಿಸ್ ಚೆಂಡು ಹಿಡಿಸುವುದೂ ಇದೆ. ಕೈ ಗಟ್ಟಿ ಮಾಡಿದರೆ ಚೆಂಡು ಪುಟಿದು ಹೋಗುತ್ತದೆ. ಬರುವ ಚೆಂಡಿನೊಂದಿಗೆ ಕೈಯನ್ನೂ ಹಿಂದಕ್ಕೆ ತಂದುಕೊಳ್ಳುವುದನ್ನು ಮಗು ತಾನೇ ಕಂಡುಕೊಳ್ಳುತ್ತದೆ. ಇದಕ್ಕೆ ಶಾಲೆಯ ಒಂದು ಗೋಡೆ ಸಾಕು.

ಇನ್ನೊಂದು ಆಟ 21 ಔಟ್. ಏಳು ಇನ್ನಿಂಗ್ಸಿಗೆ ಮೂರರಂತೆ ಇಡೀ ಪಂದ್ಯದ ಔಟ್‌ಗಳು 21. ಕೋಚ್ ಚೆಂಡು ಹೊಡೆಯುತ್ತಾ ಹೋಗುತ್ತಾರೆ. ತಂಡ ತಪ್ಪಿಲ್ಲದೆ 21 ಔಟ್ ಮಾಡಬೇಕು. ಒಂದು ತಪ್ಪಾದರೆ ಎಣಿಕೆ ಮತ್ತೆ ಸೊನ್ನೆಗೆ. ಹದಿನೆಂಟು, ಹತ್ತೊಂಬತ್ತು ಎಂದು ಬರುವಾಗ ಮಕ್ಕಳಿಗೆ ನಿಜವಾದ ಪಂದ್ಯದ ಒತ್ತಡ ತಿಳಿಯುತ್ತದೆ. ಆದರೆ ಎಚ್ಚರ ಬೇಕು. ತಪ್ಪು ಮಾಡಿದವಳನ್ನು ಎಲ್ಲರೂ ದುರುಗುಟ್ಟಿ ನೋಡುವ ತಂಡದಲ್ಲಿ ಇದೇ ಆಟ ಶಿಕ್ಷೆಯಾಗುತ್ತದೆ. 1998ರಲ್ಲಿ ಅಲ್ಲಿ ಆರಂಭವಾದ ಪಾಸಿಟಿವ್ ಕೋಚಿಂಗ್ ಅಲಯನ್ಸ್ ಎಂಬ ಸಂಸ್ಥೆ ಇದಕ್ಕೊಂದು ಉಪಾಯ ಹೇಳಿಕೊಡುತ್ತದೆ. ತಪ್ಪಾದ ಕೂಡಲೇ ಶೌಚಾಲಯದ ಫ್ಲಶ್ ಎಳೆದಂತೆ ಕೈಸನ್ನೆ ಮಾಡಿ ಮುಂದಿನ ಚೆಂಡಿಗೆ ಸಿದ್ಧರಾಗುವುದು. ಮಕ್ಕಳು ನಗುತ್ತಾರೆ, ಭಯ ಬಿಡುತ್ತದೆ.

ಇನ್ನು ತಂತ್ರಗಳ ಮಾತು. ಮೊದಲ ಮತ್ತು ಮೂರನೇ ಬೇಸಿನಲ್ಲಿ ಓಟಗಾರರಿದ್ದಾಗ ಮೊದಲನೆಯವಳು ಎರಡನೇ ಬೇಸಿನತ್ತ ಓಡಿ ನಡುವೆ ಬೇಕೆಂದೇ ನಿಲ್ಲುತ್ತಾಳೆ. ಕ್ಯಾಚರ್ ಅತ್ತ ಎಸೆದರೆ ಮೂರನೆಯವಳು ಇತ್ತ ಹೋಮ್ ಸೇರುತ್ತಾಳೆ. ಇದು ಒಳ್ಳೆಯ ಚತುರತೆ, ಏಕೆಂದರೆ ಎದುರಾಳಿಯೂ ನಡುವೆ ಒಬ್ಬಳನ್ನು ನಿಲ್ಲಿಸಿ ಚೆಂಡನ್ನು ತಡೆದು ಉತ್ತರ ಕೊಡಬಹುದು. ಇಬ್ಬರೂ ಕಲಿಯುತ್ತಾರೆ. ಆದರೆ 9-10 ವರ್ಷದ ಕ್ಯಾಚರ್‌ಗೆ ಎರಡನೇ ಬೇಸಿನವರೆಗೆ ಗುರಿಯಿಟ್ಟು ಎಸೆಯುವ ಶಕ್ತಿಯೇ ಬಂದಿರುವುದಿಲ್ಲ. ಇದನ್ನರಿತು ಪ್ರತಿ ಚೆಂಡಿಗೂ ಬೇಸ್ ಕದಿಯಿಸುವ ಕೋಚ್‌ಗಳಿದ್ದಾರೆ. ರನ್ನು ರಾಶಿ ಬೀಳುತ್ತದೆ, ಟ್ರೋಫಿಯೂ ಬರುತ್ತದೆ. ಆದರೆ ಗೆದ್ದವರು ಬ್ಯಾಟಿಂಗ್ ಕಲಿಯಲಿಲ್ಲ, ಸೋತವರು ಏನನ್ನೂ ಕಲಿಯಲಿಲ್ಲ. ಎರಡು ವರ್ಷ ಕಳೆದು ಕ್ಯಾಚರ್‌ಗಳ ತೋಳು ಬಲಿತಾಗ ಆ ಗೆಲುವಿನ ತಂಡದ ಬಳಿ ಬೇರೆ ವಿದ್ಯೆ ಇರುವುದಿಲ್ಲ.

ಪಿಚರ್ ವಿಷಯವಂತೂ ಇನ್ನೂ ಗಂಭೀರ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಯುಕಿಕೊ ಉಯೆನೊ ಎರಡು ದಿನಗಳಲ್ಲಿ 413 ಚೆಂಡು ಎಸೆದು ಚಿನ್ನ ತಂದರು. ಅದು ಪಳಗಿದ ಆಟಗಾರ್ತಿಯ ಸಾಹಸ. ಕೈ ಕೆಳಗಿನಿಂದ ಎಸೆದರೆ ನೋವಾಗದು ಎಂಬ ನಂಬಿಕೆಯಿಂದ 12ರ ಬಾಲಕಿಯನ್ನು ಪಂದ್ಯದ ಮೇಲೆ ಪಂದ್ಯ ಎಸೆಯಲು ಹಚ್ಚುವುದು ತಪ್ಪು. ಈ ಎಸೆತವೂ ಭುಜದ ಮೇಲೆ ಭಾರೀ ಒತ್ತಡ ಹಾಕುತ್ತದೆಂದು ವೈದ್ಯಕೀಯ ಅಧ್ಯಯನಗಳು ತೋರಿಸಿವೆ. ಒಬ್ಬಳ ತೋಳನ್ನು ಸವೆಸುವ ಬದಲು ಮೂವರು ಪಿಚರ್‌ಗಳನ್ನು ತಯಾರು ಮಾಡಿ. ಎರಡು ಪಂದ್ಯ ಸೋತರೂ ಚಿಂತೆಯಿಲ್ಲ.

ಅಲ್ಲಿನ ಲಿಟಲ್ ಲೀಗ್ ಸಂಸ್ಥೆ 1974ರಲ್ಲಿ ಹುಡುಗಿಯರ ಸಾಫ್ಟ್‌ಬಾಲ್ ಆರಂಭಿಸಿತು. ಪಟ್ಟಿಯಲ್ಲಿರುವ ಪ್ರತಿ ಮಗುವಿಗೂ ಆಡಲು ಅವಕಾಶ ಸಿಗಲೇಬೇಕೆಂಬುದು ಅದರ ನಿಯಮ. ನಮ್ಮಲ್ಲಿ ನಿಯಮವಿಲ್ಲದಿದ್ದರೂ ಈ ಪದ್ಧತಿ ಬರಲಿ. ಕೊನೆಯ ಸಾಲಿನಲ್ಲಿ ನಿಂತ ಹುಡುಗಿಗೆ ಒಂದು ವರ್ಷವಿಡೀ ಚೆಂಡು ಸಿಗದಿದ್ದರೆ ಅವಳು ಮರುವರ್ಷ ಮೈದಾನಕ್ಕೆ ಬರುವುದಿಲ್ಲ. ಹೆಣ್ಣುಮಗಳು ಒಮ್ಮೆ ಮೈದಾನ ಬಿಟ್ಟರೆ ಮತ್ತೆ ಬರುವುದು ಎಷ್ಟು ಕಷ್ಟವೆಂದು ಪಾಲಕರಾದ ನಿಮಗೆ ನಾನು ಹೇಳಬೇಕಾಗಿಲ್ಲ.

ಆದ್ದರಿಂದ ವರ್ಷದ ಕೊನೆಯಲ್ಲಿ ಕಪ್ಪುಗಳನ್ನು ಎಣಿಸುವ ಮುನ್ನ ಹಾಜರಿ ಪುಸ್ತಕ ತೆರೆಯಿರಿ. ಜೂನ್‌ನಲ್ಲಿ ಬಂದ ಎಷ್ಟು ಹುಡುಗಿಯರು ಫೆಬ್ರವರಿಯಲ್ಲೂ ಇದ್ದಾರೆ? ನಿಮ್ಮ ತರಬೇತಿ ಹೇಗಿತ್ತು ಎಂಬುದಕ್ಕೆ ಆ ಸಂಖ್ಯೆಯೇ ಉತ್ತರ. ನಾಳೆ ಬೆಳಿಗ್ಗೆಯೇ ಒಂದು ಗೋಡೆ, ನಾಲ್ಕು ಟೆನಿಸ್ ಚೆಂಡು, ಒಂದು ಪೊರಕೆ ಕೋಲಿನಿಂದ ಆರಂಭಿಸಿ ಎಂದು ವಿನಂತಿಸುತ್ತೇನೆ.