ಸರ್ವರ್ ಬರೆಯುವ ದಿನಚರಿ

2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಚಿತ್ರದುರ್ಗ ಸೀಮೆಯಲ್ಲೆಲ್ಲ ಒಂದೇ ಮಾತು: 89 ವರ್ಷದ ಮೇಲೆ! ಅದಕ್ಕೆ ಮೊದಲು ಕೋಡಿ ಹರಿದದ್ದು 1933ರಲ್ಲಿ. ಆಗ ನೀರು 135.25 ಅಡಿ ಮುಟ್ಟಿತ್ತು. ಆ ಕಾಲು ಅಡಿಯ ಲೆಕ್ಕವೂ ಇಂದಿಗೆ ಸಿಗುವುದು ಅಂದು ಯಾರೋ ಅಳತೆ ನೋಡಿ ಬರೆದಿಟ್ಟಿದ್ದರಿಂದ.

ಲಿನಕ್ಸ್ ಸರ್ವರ್ ಕೂಡ ಹೀಗೆಯೇ ಬರೆಯುತ್ತಿರುತ್ತದೆ. ಯಾರು ಲಾಗಿನ್ ಆದರು, ಯಾರ ಪಾಸ್‌ವರ್ಡ್ ತಪ್ಪಿತು, ಯಾವ ಡಿಸ್ಕ್ ಕೈಕೊಡುತ್ತಿದೆ ಎಂಬುದೆಲ್ಲ ‘ವಾರ್’ ಫೋಲ್ಡರಿನೊಳಗಿನ ‘ಲಾಗ್’ ಫೋಲ್ಡರಿನಲ್ಲಿ ಸಿಗುತ್ತದೆ. ಆದರೆ ಅದರ ನೆನಪು ಗಿಡ್ಡ. ಉಬುಂಟು, ಡೆಬಿಯನ್‌ಗಳಲ್ಲಿ ‘ಲಾಗ್‌ರೊಟೇಟ್’ ಎಂಬ ಪ್ರೋಗ್ರಾಂ ಸಾಮಾನ್ಯವಾಗಿ ನಾಲ್ಕು ವಾರದ ಹಳೆಯ ಫೈಲುಗಳನ್ನಷ್ಟೇ ಉಳಿಸಿಕೊಂಡು ಮಿಕ್ಕದ್ದನ್ನು ಅಳಿಸಿಬಿಡುತ್ತದೆ. ಎರಡು ತಿಂಗಳ ಹಿಂದೆ ಒಳನುಗ್ಗಿದವನ ಹೆಜ್ಜೆ ಹುಡುಕಹೊರಟರೆ ಗುರುತೇ ಇರುವುದಿಲ್ಲ.

ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು, ಸರ್ಕಾರಿ ಸಂಸ್ಥೆಗಳು 180 ದಿನಗಳ ಲಾಗ್ ಇಟ್ಟುಕೊಂಡಿರಬೇಕು. ದಾರಿ ಸುಲಭ: ಲಾಗ್‌ರೊಟೇಟ್‌ನ ಸೆಟ್ಟಿಂಗ್ ಫೈಲುಗಳಲ್ಲಿ ‘ವೀಕ್ಲಿ’ ಎಂದಿರುವ ಕಡೆ ‘ರೊಟೇಟ್’ ಪದದ ಮುಂದಿನ 4 ಅಳಿಸಿ 26 ಎಂದು ಬರೆಯಬೇಕು. ಸರ್ವರಿನ ಗಡಿಯಾರವನ್ನೂ ನೆಟ್‌ವರ್ಕ್ ಮೂಲಕ ಸರಿಯಾದ ಸಮಯ ತಿಳಿಸುವ ‘ಎನ್‌ಟಿಪಿ’ ವ್ಯವಸ್ಥೆಯಿಂದ ಸರಿಹೊಂದಿಸಿರಬೇಕು ಎನ್ನುತ್ತದೆ ಅದೇ ನಿರ್ದೇಶನ. ಹತ್ತು ನಿಮಿಷ ಹಿಂದೆ ಬಿದ್ದ ಗಡಿಯಾರದ ಲಾಗನ್ನು ಇನ್ನೊಂದು ಯಂತ್ರದ ಲಾಗಿನ ಜೊತೆ ತಾಳೆ ನೋಡುವುದು ತಲೆನೋವಿನ ಕೆಲಸ.

ಲಾಗ್ ಹೆಚ್ಚು ದಿನ ಇಟ್ಟರೆ ಜಾಗ ತಿನ್ನುತ್ತದೆ. ಡಿ, ಎಫ್, ಒಂದು ಸ್ಪೇಸ್, ಅಡ್ಡಗೆರೆ, ಎಚ್ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಯಾವ ಡಿಸ್ಕ್ ಶೇಕಡಾ ಎಷ್ಟು ತುಂಬಿದೆ ಎಂಬ ಪಟ್ಟಿ ಬರುತ್ತದೆ. ಇಲ್ಲೊಂದು ಸೋಜಿಗವಿದೆ. ತುಂಬಿದ ಡಿಸ್ಕಿನಿಂದ ದೊಡ್ಡ ಲಾಗ್ ಫೈಲೊಂದನ್ನು ಅಳಿಸಿದರೂ ಖಾಲಿ ಜಾಗ ಅಷ್ಟೇ ಇರಬಹುದು! ಆ ಫೈಲನ್ನು ಯಾವುದೋ ಪ್ರೋಗ್ರಾಂ ಇನ್ನೂ ತೆರೆದಿಟ್ಟುಕೊಂಡಿರುತ್ತದೆ. ಅದು ಬಿಡುವ ತನಕ ಜಾಗ ಬಿಡುಗಡೆಯಾಗುವುದಿಲ್ಲ. ಆ ಪ್ರೋಗ್ರಾಂ ಒಂದನ್ನೇ ರೀಸ್ಟಾರ್ಟ್ ಮಾಡಿದರೆ ಸಾಕು, ಇಡೀ ಸರ್ವರನ್ನಲ್ಲ.

ಹೊಸದುರ್ಗ, ಹೊಳಲ್ಕೆರೆಯಂಥ ಊರುಗಳ ಕಾಲೇಜು ಲ್ಯಾಬಿಗೆ ಹ್ಯಾಕರ್‌ಗಿಂತ ಮುಂಗಾರಿಗೆ ಮೊದಲಿನ ಗುಡುಗು-ಮಳೆಯೇ ಹೆಚ್ಚು ಕಾಟ ಕೊಟ್ಟೀತು. ಯುಪಿಎಸ್ ಇದ್ದರಷ್ಟೇ ಸಾಲದು, ಬ್ಯಾಟರಿ ಮುಗಿಯುತ್ತಿದೆ ಎಂಬ ಸುದ್ದಿ ಸರ್ವರಿಗೂ ತಲುಪಬೇಕು. ಯುಪಿಎಸ್‌ನ ಯುಎಸ್‌ಬಿ ಕೇಬಲ್ ಜೋಡಿಸಿ ‘ನೆಟ್‌ವರ್ಕ್ ಯುಪಿಎಸ್ ಟೂಲ್ಸ್’ ಎಂಬ ಮುಕ್ತ ತಂತ್ರಾಂಶ ಹಾಕಿದರೆ, ಕರೆಂಟು ಬಾರದಿದ್ದಾಗ ಸರ್ವರ್ ಡೇಟಾಬೇಸನ್ನು ಸರಿಯಾಗಿ ಮುಚ್ಚಿ ತಾನೇ ಆಫ್ ಆಗುತ್ತದೆ.

ಇಷ್ಟಾದರೂ ಡಿಸ್ಕ್ ಸುಟ್ಟರೆ ಬ್ಯಾಕಪ್ ಒಂದೇ ಗತಿ. ಅದೂ ಅದೇ ಕೋಣೆಯಲ್ಲಿದ್ದರೆ ಒಂದೇ ಸಿಡಿಲಿಗೆ ಎರಡೂ ಹೋದಾವು. ಒಂದು ಪ್ರತಿ ಬೇರೆ ಕಟ್ಟಡದಲ್ಲಿರಬೇಕು. ತಿಂಗಳಿಗೊಮ್ಮೆ ಅದನ್ನು ಯಾವುದಾದರೂ ಹಳೆಯ ಕಂಪ್ಯೂಟರಿಗೆ ಹಾಕಿ, ಡೇಟಾಬೇಸ್ ತೆರೆದು, ಕಳೆದ ವಾರ ಸೇರಿಸಿದ ಒಂದು ಹೆಸರು ಸಿಗುತ್ತದೆಯೇ ಎಂದು ಹುಡುಕಿ ನೋಡಬೇಕು.